ಕಡಲಿಲ್ಲದ ನಾಡಿನ ಸಮುದ್ರಗಳು



ಹಾಸನದ ಬಸ್ ನಿಲ್ದಾಣದಲ್ಲಿ ನಿಂತು ಯಾರನ್ನಾದರೂ "ಸಮುದ್ರ ಎಲ್ಲಿದೆ?" ಎಂದು ಕೇಳಿ ನೋಡಿ. ಅವರು ಮಂಗಳೂರಿನ ಬಸ್ಸನ್ನು ತೋರಿಸಿಯಾರು. ಸಕಲೇಶಪುರ ದಾಟಿ, ಘಟ್ಟ ಇಳಿದ ಮೇಲಲ್ಲವೇ ಕಡಲು! ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಕೇಳಿದರೂ ಅದೇ ಉತ್ತರ. ನಿಮ್ಮಲ್ಲಿ ಅನೇಕರು ಕಡಲನ್ನು ಮೊದಲು ಕಂಡದ್ದು ಶಾಲೆಯ ಪ್ರವಾಸದಲ್ಲಿ ಇರಬಹುದು. ಇನ್ನೂ ಕಾಣದವರೂ ಇರಬಹುದು. ಹೀಗಿರುವಾಗ ಕಡಲ ದಂಡೆಯ ಕಸದ ವಿಷಯ, ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಆಟಗಾರರ ವಿಷಯ ನಮಗೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ.

ಆ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ನೀರನ್ನು ಬಳಸುವವನೇ ನೀರನ್ನು ಕಾಯಬೇಕು ಎಂಬ ಮಾತನ್ನು ಇಂದು ಜಗತ್ತಿನ ಕಡಲ ದಂಡೆಗಳಲ್ಲಿ ಹೊಸದೆಂಬಂತೆ ಹೇಳಲಾಗುತ್ತಿದೆ. ನಮ್ಮ ಕೆರೆಗಳ ಏರಿಯ ಮೇಲೆ ಅದು ಎಂಟುನೂರು ವರ್ಷಗಳಷ್ಟು ಹಳೆಯ ಮಾತು. ನಾವು ಅದನ್ನು ಹೇಗೆ ಕಲಿತೆವು, ಹೇಗೆ ಮರೆತೆವು, ಮರಳಿ ಕಲಿಯುವುದಾದರೆ ಯಾವ ರೀತಿಯಲ್ಲಿ ಕಲಿಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಎರಡು ಕಡಲಿನ ಜಿಲ್ಲೆ

ಮೊದಲು ಭೂಪಟವನ್ನು ತೆರೆಯಿರಿ. ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುತ್ತಾಳೆ. ಸಕಲೇಶಪುರವನ್ನು ಹಾದು, ಗೊರೂರಿನ ಬಳಿ ಅಣೆಕಟ್ಟಿನಲ್ಲಿ ನಿಂತು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಸೇರುತ್ತಾಳೆ. ಬೇಲೂರಿನ ಕಡೆಯಿಂದ ಬರುವ ಯಗಚಿ ಅವಳ ಉಪನದಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ರುದ್ರಪಟ್ಟಣಗಳು ನೇರವಾಗಿ ಕಾವೇರಿಯ ದಡದಲ್ಲೇ ಇವೆ. ಈ ನೀರೆಲ್ಲ ತಮಿಳುನಾಡನ್ನು ದಾಟಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ.

ಈಗ ಸಕಲೇಶಪುರದ ಪಶ್ಚಿಮದ ಅಂಚಿಗೆ ಬನ್ನಿ. ಅಲ್ಲಿನ ಕೆಂಪುಹೊಳೆ ಘಟ್ಟ ಇಳಿದು, ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಒಂದೇ ಬೆಟ್ಟದ ಸಾಲಿನ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಹನಿ ಪೂರ್ವದ ಕಡಲಿಗೂ ಅದರ ಪಕ್ಕದ ಹನಿ ಪಶ್ಚಿಮದ ಕಡಲಿಗೂ ಹೊರಡುತ್ತದೆ. ಬಿಸಿಲೆ ಕಡೆಯ ದಾರಿಯಲ್ಲಿ ಈ ನೀರ್ಗಡಿಯನ್ನು ತೋರಿಸುವ ಕಲ್ಲೊಂದನ್ನು ಇಂದಿಗೂ ನೋಡಬಹುದು.

ಅಂದರೆ, ಕಡಲಿಲ್ಲದ ಹಾಸನ ಜಿಲ್ಲೆ ಎರಡು ಕಡಲುಗಳಿಗೆ ನೀರು ಕಳಿಸುತ್ತದೆ. ನೀರಿನ ಜೊತೆಗೆ ಮತ್ತೇನನ್ನು ಕಳಿಸುತ್ತದೆ ಎಂಬುದು ನಮ್ಮ ಕೈಯಲ್ಲಿದೆ. ಹೊಳೆನರಸೀಪುರದ ಸ್ನಾನಘಟ್ಟದಲ್ಲಿ ಬಿಟ್ಟ ಪ್ಲಾಸ್ಟಿಕ್ ಚೀಲ ಕಡಲನ್ನು ಮುಟ್ಟಲೇಬೇಕೆಂದಿಲ್ಲ. ಅಣೆಕಟ್ಟಿನಲ್ಲಿ, ಕಾಲುವೆಯ ತೂಬಿನಲ್ಲಿ, ಯಾರದೋ ಗದ್ದೆಯಲ್ಲಿ ಸಿಕ್ಕಿಕೊಳ್ಳಬಹುದು. ಗೊರೂರಿನ ಕಾಲುವೆ ಚನ್ನರಾಯಪಟ್ಟಣದ ಕಡೆಗೂ, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೂ ಹೋಗುತ್ತದೆಯಷ್ಟೆ. ತುಮಕೂರಿನವರು ಕುಡಿಯುವುದು ಹೇಮಾವತಿಯ ನೀರನ್ನೇ. ಹರಿಯುವ ನೀರಿಗೆ ಹಾಕಿದ ಯಾವುದೂ ಮಾಯವಾಗುವುದಿಲ್ಲ, ಮತ್ತೊಬ್ಬರ ಊರಿಗೆ ಹೋಗುತ್ತದೆ, ಅಷ್ಟೆ.

ಕೆರೆಗೆ ಸಮುದ್ರವೆಂದು ಹೆಸರು

ನಮ್ಮ ಹಿರಿಯರು ಕಡಲನ್ನು ಕಾಣದಿದ್ದರೂ ಕಡಲ ಹೆಸರನ್ನು ಮನೆಗೆ ತಂದುಕೊಂಡರು. ಹೊಯ್ಸಳರ ರಾಜಧಾನಿ ದೋರಸಮುದ್ರ, ಇಂದಿನ ಹಳೇಬೀಡು. ಅಲ್ಲಿನ ದೊಡ್ಡ ಕೆರೆ ಹೊಯ್ಸಳರಿಗಿಂತಲೂ ಹಿಂದಿನದು, ರಾಷ್ಟ್ರಕೂಟರ ಕಾಲದ್ದು ಎನ್ನುತ್ತಾರೆ ವಿದ್ವಾಂಸರು. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಅರಸೀಕೆರೆಯ ಹೆಸರಿನಲ್ಲೇ ಅರಸಿಯೂ ಇದ್ದಾಳೆ, ಕೆರೆಯೂ ಇದೆ. ಚನ್ನರಾಯಪಟ್ಟಣಕ್ಕೆ ಹಿಂದೆ ಕೊಳತ್ತೂರು ಎಂಬ ಹೆಸರಿತ್ತೆಂದು ಗೆಜೆಟಿಯರ್ ಹೇಳುತ್ತದೆ. ಅದೇ ತಾಲ್ಲೂಕಿನ ಬೆಳಗೊಳವೆಂದರೆ ಬಿಳಿಯ ಕೊಳ. ನಿಮ್ಮ ಹೋಬಳಿಯ ಊರುಗಳ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಕೆರೆ, ಕಟ್ಟೆ, ಕೊಳ, ಸಮುದ್ರ ಎಂದು ಕೊನೆಗೊಳ್ಳುವ ಹೆಸರುಗಳು ಎಷ್ಟು ಸಿಗುತ್ತವೆ!

ಹೆಸರು ಇಡುವುದು ಸುಲಭ, ಕೆರೆ ಕಟ್ಟುವುದು ಕಷ್ಟ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನ ಅದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಅದು ಎಣಿಸುತ್ತದೆ. ದಿನಕ್ಕೆ 1,000 ಆಳು, 100 ಬಂಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕವನ್ನೂ ಕೊಡುತ್ತದೆ.

ಕಟ್ಟುವುದಕ್ಕಿಂತಲೂ ಕಷ್ಟವಾದದ್ದು ಕಾಯುವುದು. ಮಳೆಗಾಲದ ನೀರು ಬರುವಾಗ ಹೂಳನ್ನೂ ಹೊತ್ತು ತರುತ್ತದೆ. ವರ್ಷ ವರ್ಷವೂ ಹೂಳು ತೆಗೆಯದಿದ್ದರೆ ಕೆರೆ ತಟ್ಟೆಯಾಗುತ್ತದೆ. ಏರಿಯ ಮೇಲೆ ಗಿಡ ಬೆಳೆದು ಬೇರು ಇಳಿದರೆ, ಇಲಿ ಹೆಗ್ಗಣ ಬಿಲ ತೋಡಿದರೆ ಏರಿ ಒಡೆಯುತ್ತದೆ. ಕೋಡಿಯಲ್ಲಿ ಕಸ ಕಟ್ಟಿದರೆ ನೀರು ಏರಿಯ ಮೇಲೆ ಹತ್ತುತ್ತದೆ. ಹಾಗಾದರೆ ಇದನ್ನೆಲ್ಲ ನೋಡಿಕೊಂಡವರು ಯಾರು?

ಶಾಸನಗಳು ಹೇಳುವ ಹೊಣೆ

ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದ್ದನ್ನು ನೀವು ಕೇಳಿರಬಹುದು. ಶ್ರವಣಬೆಳಗೊಳದ ಶಾಸನಗಳು 1889ರಲ್ಲಿ, ಹಾಸನ ಜಿಲ್ಲೆಯ ಶಾಸನಗಳ ಐದನೆಯ ಸಂಪುಟ 1902ರಲ್ಲಿ ಹೊರಬಂದವು. ಈ ಶಾಸನಗಳಲ್ಲಿ ಯುದ್ಧ, ದೇವಾಲಯ, ದಾನಗಳಷ್ಟೇ ಅಲ್ಲದೆ ಕೆರೆಯ ಮಾತು ಪದೇ ಪದೇ ಬರುತ್ತದೆ.

ಕರ್ನಾಟಕದ ಶಾಸನಗಳಲ್ಲಿ ಬರುವ ಎರಡು ಪದಗಳನ್ನು ನೆನಪಿಡಿ. ಒಂದು, ಕಟ್ಟುಗೊಡಗೆ. ಕೆರೆ ಕಟ್ಟಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ಕೊಡುತ್ತಿದ್ದ ತೆರಿಗೆ ವಿನಾಯಿತಿಯ ಭೂಮಿ ಅದು. ಇನ್ನೊಂದು, ಬಿತ್ತುವಟ್ಟ. ಕೆರೆಯ ಕೆಳಗಿನ ಭೂಮಿಯಿಂದ, ಅದರ ಬೆಳೆಯಿಂದ, ಕೆರೆಯ ರಕ್ಷಣೆಗೆಂದೇ ಎತ್ತಿಡುತ್ತಿದ್ದ ಪಾಲು ಅದು. ಹೂಳು ಸಾಗಿಸುವ ಬಂಡಿಗೂ ಅದನ್ನು ಎಳೆಯುವ ಎತ್ತು ಕೋಣಗಳಿಗೂ ಬಿಟ್ಟ ದತ್ತಿಗಳೂ ಉಂಟು. ಊರಿನಲ್ಲಿ ನೀರುಗಂಟಿ ಎಂಬವನಿರುತ್ತಿದ್ದ. ತೂಬು ತೆರೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡುವುದು ಅವನ ಕೆಲಸ. ಅವನಿಗೆ ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನಿಂದಲೂ ಧಾನ್ಯದ ಪಾಲು ಸಲ್ಲುತ್ತಿತ್ತು.

ಇಲ್ಲಿನ ತರ್ಕವನ್ನು ಗಮನಿಸಿ. ಕೆರೆಯ ಖರ್ಚು ಕೆರೆಯ ನೀರಿನಿಂದ ಬೆಳೆದ ಬೆಳೆಯಿಂದಲೇ ಬರಬೇಕು. ಹೆಚ್ಚು ನೀರು ಪಡೆದವನ ಗದ್ದೆ ದೊಡ್ಡದು, ಅವನ ಪಾಲೂ ದೊಡ್ಡದು. ಲಾಭ ಎಷ್ಟೋ ಹೊಣೆಯೂ ಅಷ್ಟು.

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನೂ ನೀವು ಕೇಳಿರುತ್ತೀರಿ. ಈ ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂದು ಬೆದರಿಸುವ ಮಾತು ಅದು. ಅದರ ಜೊತೆಗೆ ಅನೇಕ ಶಾಸನಗಳಲ್ಲಿ ಒಂದು ಸಂಸ್ಕೃತ ಶ್ಲೋಕವೂ ಇರುತ್ತದೆ. ದಾನ ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು ಎಂಬುದು ಅದರ ಭಾವ. ಉದ್ಘಾಟನೆಯ ಫಲಕಗಳನ್ನು ಮಾತ್ರ ಹಾಕುವ ನಮ್ಮ ಕಾಲಕ್ಕೆ ಈ ಮಾತು ಹೆಚ್ಚು ಅನ್ವಯಿಸುವುದಿಲ್ಲವೇ?

ಶ್ರವಣಬೆಳಗೊಳದ ಕಲ್ಯಾಣಿಯ ಕಥೆಯನ್ನೇ ನೋಡಿ. ಎರಡು ಬೆಟ್ಟಗಳ ನಡುವೆ, ಮೆಟ್ಟಿಲು, ಪ್ರಾಕಾರ, ಗೋಪುರಗಳಿಂದ ಕೂಡಿದ ಈ ಕೊಳದ ಕೆಲಸವನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704) ತೊಡಗಿಸಿದರು. ಅದು ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಟಂಕಸಾಲೆಯ ಅಧಿಕಾರಿ ಅಣ್ಣಯ್ಯನು ಅದನ್ನು ಅವರ ಮೊಮ್ಮಗ ಕೃಷ್ಣರಾಜರ ಕಾಲದಲ್ಲಿ ಪೂರೈಸಿದನೆಂದು ಅನಂತಕವಿಯ 'ಗೊಮ್ಮಟೇಶ್ವರ ಚರಿತೆ' ತಿಳಿಸುತ್ತದೆ. ಒಬ್ಬರು ತೊಡಗಿದ್ದನ್ನು ಮುಂದಿನವರು ಕೈಬಿಡಲಿಲ್ಲ ಎಂಬುದೇ ಇಲ್ಲಿನ ಪಾಠ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮತ್ತೊಂದು ಬಗೆಯ ಕಾವಲನ್ನು ಕಾಣಬಹುದು. ಅಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಬಳಿ ದೊಡ್ಡ ದೊಡ್ಡ ಮೀನುಗಳು ದಡಕ್ಕೇ ಬರುತ್ತವೆ. ಅವು ದೇವರ ಮೀನುಗಳೆಂದು ಯಾರೂ ಹಿಡಿಯುವುದಿಲ್ಲ. ಜನ ಪುರಿ ಹಾಕಿ ನೋಡುತ್ತಾ ನಿಲ್ಲುತ್ತಾರೆ. ಮೀನು ಬದುಕಬೇಕಾದರೆ ನೀರು ಶುದ್ಧವಾಗಿರಬೇಕು. ಆದುದರಿಂದ ಮೀನಿನ ಮೇಲಿನ ಭಕ್ತಿ ನೀರಿನ ಮೇಲಿನ ಕಾಳಜಿಯೂ ಆಗಬೇಕು. ಆದರೆ ಪುರಿ ತಂದ ಚೀಲವನ್ನು ಅಲ್ಲೇ ಎಸೆದು ಬಂದರೆ ಅದು ಯಾವ ಭಕ್ತಿ, ನೀವೇ ಹೇಳಿ.

ಹಳೆಯದೆಲ್ಲ ಚಿನ್ನವಲ್ಲ

ಚರಿತ್ರೆಯ ವಿದ್ಯಾರ್ಥಿಗಳಾದ ನೀವು ಇಲ್ಲಿ ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ಕೆಟ್ಟಿತು ಎಂದು ಹೇಳುವುದು ಚರಿತ್ರೆಯಲ್ಲ. ಕೆರೆಯ ಹೂಳು ತೆಗೆದವರಲ್ಲಿ ಎಷ್ಟೋ ಮಂದಿ ಬಿಟ್ಟಿ ದುಡಿದವರು. ಏರಿಗೆ ಮಣ್ಣು ಹೊತ್ತ ಕೆಳಜಾತಿಯವರಿಗೆ ಅದೇ ಕೆರೆಯ ಮೇಲುಘಟ್ಟದಲ್ಲಿ ನೀರು ಮುಟ್ಟುವ ಹಕ್ಕು ಇರಲಿಲ್ಲ. ಸಾರ್ವಜನಿಕ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ ಡಾ. ಬಿ. ಆರ್. ಅಂಬೇಡ್ಕರ್ ಅವರು 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಸತ್ಯಾಗ್ರಹವನ್ನೇ ನಡೆಸಬೇಕಾಯಿತು. ಹೊಣೆಯನ್ನು ಒಬ್ಬರ ಮೇಲೆ ಹೊರಿಸಿ ಹಕ್ಕನ್ನು ಇನ್ನೊಬ್ಬರು ಇಟ್ಟುಕೊಂಡರೆ ಅದಕ್ಕೆ ಧರ್ಮವೆಂಬ ಹೆಸರು ಸಲ್ಲದು. ಇಂದಿಗೂ ನಮ್ಮ ಊರಿನ ಚರಂಡಿಗೆ ಇಳಿಯುವವರು ಯಾರು, ಕಸ ಎಸೆಯುವವರು ಯಾರು ಎಂದು ನೋಡಿದರೆ ಈ ಮಾತಿನ ಅರ್ಥ ತಿಳಿಯುತ್ತದೆ.

ಹಾಗಾಗಿ ಹಳೆಯ ವ್ಯವಸ್ಥೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ಒಂದೇ ಒಂದು ತತ್ತ್ವ: ಬಳಸುವವರು ಕಾಯಬೇಕು. ಬಿಡಬೇಕಾದದ್ದು, ಒಬ್ಬರು ಬಳಸಿ ಇನ್ನೊಬ್ಬರು ಕಾಯುವ ಪದ್ಧತಿಯನ್ನು.

ಹೊಣೆ ಕೈಜಾರಿದ ಬಗೆ

1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆಗ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ ಅವರು ಸಂಸ್ಥಾನದ ಕೆರೆಗಳ ಸಾಲನ್ನು ಕಂಡು ಬೆರಗಾದರು. ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಅವರು 1866ರಲ್ಲಿ ಬರೆದರು. ಆದರೆ ಅದೇ ಕಾಲದಲ್ಲಿ ಕೆರೆಗಳ ದೊಡ್ಡ ಕೆಲಸ ಕ್ರಮೇಣ ಸರ್ಕಾರದ ಮರಾಮತ್ತು ಇಲಾಖೆಯ ಕೈಗೆ ಬಂತು. ಅಂದಾಜು, ಮಂಜೂರಾತಿ, ಗುತ್ತಿಗೆ ಎಂಬ ಪದಗಳು ಊರಿಗೆ ಬಂದವು. ಊರಿನವರ ಬಿತ್ತುವಟ್ಟ, ಕೆರೆಬಂಡಿಗಳು ಹಿಂದೆ ಸರಿದವು.

ಇದನ್ನು ಸರಿಪಡಿಸುವ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿ ಕಾಯಿದೆಯನ್ನು ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರ ಸುಮಾರಿಗೆ, ಗ್ರಾಮ ಸುಧಾರಣೆಯ ಯೋಜನೆಯಲ್ಲಿ ರೈತರು ವಾರಕ್ಕೆ ಅರ್ಧ ದಿನ ಊರ ಕೆಲಸಕ್ಕೆ ದುಡಿಯಬೇಕೆಂಬ ಏರ್ಪಾಡು ಆಯಿತು. 2002ರಲ್ಲಿ ಕರ್ನಾಟಕ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಆರಂಭಿಸಿದ ಜಲ ಸಂವರ್ಧನೆ ಯೋಜನೆಯೂ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಕಳೆದುಹೋದ ಕೊಂಡಿಯನ್ನು ಮತ್ತೆ ಬೆಸೆಯುವ ಪ್ರಯತ್ನಗಳೇ ಇವೆಲ್ಲ.

ಈ ನಡುವೆ ನೀರು ಬರುವ ದಾರಿಯೇ ಬದಲಾಯಿತು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಮಳೆಗಾಲದಲ್ಲಿ ನೀರಿನ ಮೇಲೆ ತಲೆಯೆತ್ತಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೀವು ನೋಡಿರಬಹುದು. ನಮ್ಮ ಗದ್ದೆಗೂ ನಲ್ಲಿಗೂ ನೀರು ಬರಲೆಂದು ಮನೆ, ಹೊಲ, ಗುಡಿ, ಚರ್ಚು ಬಿಟ್ಟು ಎದ್ದುಹೋದವರ ನೆನಪು ಅದು. ಆ ನೀರನ್ನು ಹೊಲಸು ಮಾಡುವ ಮುನ್ನ ಅವರನ್ನು ಒಮ್ಮೆ ನೆನೆಯಬೇಕು.

ಕಾಲುವೆಯ ಜೊತೆಗೆ ಕೊಳವೆ ಬಾವಿಯೂ ಮನೆಯ ನಲ್ಲಿಯೂ ಬಂದವು. ಇವು ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡದ ಭಾರವನ್ನು ಇಳಿಸಿದವು. ಇದು ದೊಡ್ಡ ಉಪಕಾರ. ಆದರೆ ದಿನವೂ ಕೆರೆಗೆ ಹೋಗುತ್ತಿದ್ದ ಕಾಲು ನಿಂತಿತು. ಕಾಲು ನಿಂತ ಮೇಲೆ ಕಣ್ಣೂ ನಿಂತಿತು. ಕುಡಿಯುವ ನೀರು ನಲ್ಲಿಯಲ್ಲಿ ಬರುವಾಗ ಕೆರೆ ಹೇಗಿದ್ದರೇನು ಎಂಬ ಭಾವನೆ ಬೆಳೆಯಿತು. ಊರಿನ ಚರಂಡಿಯ ಬಾಯಿ ಕೆರೆಯತ್ತ ತಿರುಗಿತು.

ಇದೇ ಹೊತ್ತಿಗೆ ಪ್ಲಾಸ್ಟಿಕ್ ಬಂತು. ಪಾಲಿಥೀನ್ ಎಂಬ ವಸ್ತು 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆಯಿತು. ಕೈಹಿಡಿಯುಳ್ಳ ಚೀಲಕ್ಕೆ ಸ್ವೀಡನ್ನಿನ ಕಂಪನಿಯೊಂದು 1965ರಲ್ಲಿ ಪೇಟೆಂಟ್ ಪಡೆಯಿತು. ನಮ್ಮ ಅಜ್ಜಂದಿರು ಹೊಳೆಗೆ ಬಿಡುತ್ತಿದ್ದುದು ಬಾಳೆ ಎಲೆ, ಹೂವು, ಮಣ್ಣಿನ ಗಣಪತಿ. ಅವು ಕೊಳೆತು ನೀರಿನಲ್ಲಿ ಬೆರೆಯುತ್ತಿದ್ದವು. ನಾವು ಅದೇ ಕೈಯಿಂದ, ಅದೇ ಭಾವದಿಂದ ಬಿಡುತ್ತಿರುವುದು ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್, ಬಣ್ಣ ಬಳಿದ ಪ್ಲಾಸ್ಟರ್. ರೂಢಿ ಹಾಗೆಯೇ ಉಳಿಯಿತು, ವಸ್ತು ಬೇರೆಯಾಯಿತು. ಮಾಲಿನ್ಯದ ಅರ್ಧ ಕಥೆ ಇಷ್ಟೇ.

ಅಲೆಯ ಮೇಲಿನ ನೀರುಗಂಟಿಗಳು

ಈಗ ಕಡಲ ಕಡೆ ತಿರುಗೋಣ. ಸರ್ಫಿಂಗ್ ಎಂಬ ಆಟದ ತವರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು. 1779ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಅಲ್ಲಿದ್ದಾಗ, ಜನರು ಹಲಗೆಯ ಮೇಲೆ ಅಲೆ ಏರಿ ಬರುವುದನ್ನು ಅವನ ಅಧಿಕಾರಿಗಳು ಬೆರಗಿನಿಂದ ಬರೆದಿಟ್ಟರು. ಆದರೆ ನಾವು ಗಮನಿಸಬೇಕಾದದ್ದು ಆ ದ್ವೀಪಗಳ ಇನ್ನೊಂದು ಸಂಗತಿಯನ್ನು. ಅಲ್ಲಿನ ಭೂಮಿಯನ್ನು ಬೆಟ್ಟದ ತುದಿಯಿಂದ ಕಡಲಿನವರೆಗೆ ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿದ್ದರು. ಇಂಥ ಪಟ್ಟಿಗೆ ಅಹುಪುವಾ ಎಂದು ಹೆಸರು. ಬೆಟ್ಟದ ಕಾಡು, ನಡುವಿನ ಕೆಸುವಿನ ಗದ್ದೆ, ಕೆಳಗಿನ ಮೀನುಕೊಳ, ಕಡಲು ಎಲ್ಲವೂ ಒಂದೇ ಆಡಳಿತದ ಕೆಳಗೆ. ನೀರಿನ ಹಂಚಿಕೆ ನೋಡಲು ಒಬ್ಬ ಅಧಿಕಾರಿ. ಕಾಲುವೆ ದುರಸ್ತಿಗೆ ದುಡಿಯದವನಿಗೆ ನೀರಿನ ಪಾಲು ಕಡಿಮೆ. ನಮ್ಮ ನೀರುಗಂಟಿಯನ್ನೂ ಬಿತ್ತುವಟ್ಟವನ್ನೂ ಇದು ನೆನಪಿಗೆ ತರುವುದಿಲ್ಲವೇ? ಹವಾಯಿ ಭಾಷೆಯಲ್ಲಿ ನೀರಿಗೆ 'ವಾಯ್' ಎನ್ನುತ್ತಾರೆ, ಸಂಪತ್ತಿಗೆ 'ವಾಯ್‌ವಾಯ್' ಎನ್ನುತ್ತಾರೆ.

1820ರ ನಂತರ ಮಿಷನರಿಗಳ ಪ್ರಭಾವದಿಂದಲೂ ಹೊರಗಿನಿಂದ ಬಂದ ರೋಗಗಳಿಂದಲೂ ಹವಾಯಿಯ ಜನಜೀವನ ಕುಗ್ಗಿತು, ಆಟವೂ ಕುಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಮತ್ತೆ ಚಿಗುರಿತು. 1912ರ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೊಕು ಅದನ್ನು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಜನಪ್ರಿಯಗೊಳಿಸಿದರು.

ಸರ್ಫಿಂಗ್ ಮಾಡುವವನು ದಡದಲ್ಲಿ ನಿಂತು ನೋಡುವವನಲ್ಲ. ಗಂಟೆಗಟ್ಟಲೆ ನೀರಿನಲ್ಲೇ ಇರುವವನು. ಕಣ್ಣು, ಕಿವಿ, ಬಾಯಿಗೆ ಕಡಲ ನೀರು ಹೋಗುತ್ತದೆ. ಚರಂಡಿಯ ನೀರು ಕಡಲಿಗೆ ಬಂದರೆ ಮೊದಲು ಕಾಯಿಲೆ ಬೀಳುವವನು ಅವನೇ. ಆದುದರಿಂದಲೇ ಅವನಿಗೆ ಮೊದಲು ಸಿಟ್ಟು ಬಂತು. 1984ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ ಕೆಲವು ಸರ್ಫರುಗಳು ಸೇರಿ 'ಸರ್ಫ್‌ರೈಡರ್ ಫೌಂಡೇಶನ್' ಎಂಬ ಸಂಸ್ಥೆ ಕಟ್ಟಿದರು. ಹಂಬೋಲ್ಟ್ ಕೊಲ್ಲಿಯ ಬಳಿ ಕಡಲಿಗೆ ಕೊಳೆ ಬಿಡುತ್ತಿದ್ದ ಎರಡು ಕಾಗದದ ತಿರುಳಿನ ಕಾರ್ಖಾನೆಗಳ ಮೇಲೆ ಅವರು ಹೂಡಿದ ಮೊಕದ್ದಮೆ 1991ರಲ್ಲಿ ಇತ್ಯರ್ಥವಾಯಿತು. ಕಾರ್ಖಾನೆಗಳು 50 ಲಕ್ಷ ಡಾಲರಿಗೂ ಹೆಚ್ಚು ದಂಡ ತೆತ್ತವು. 1990ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ 'ಸರ್ಫರ್ಸ್ ಎಗೇನ್ಸ್ಟ್ ಸೂಯೇಜ್' ಎಂಬ ಸಂಘ ಹುಟ್ಟಿತು. ಸರ್ಫಿಂಗ್ ಹಲಗೆ ಹಿಡಿದು, ಮುಖಕ್ಕೆ ಗ್ಯಾಸ್ ಮುಸುಕು ತೊಟ್ಟು ಅವರು ಮೆರವಣಿಗೆ ಹೋದರು. ಸಂಸ್ಕರಿಸದ ಚರಂಡಿ ನೀರನ್ನು ಕಡಲಿಗೆ ಬಿಡಬಾರದೆಂಬುದೇ ಅವರ ಬೇಡಿಕೆ. ಆ ಸಂಘ ಇಂದಿಗೂ ಅದೇ ಕೆಲಸದಲ್ಲಿದೆ.

ಆಸ್ಟ್ರೇಲಿಯದಲ್ಲಿ ಇಯಾನ್ ಕೀರ್ನನ್ ಎಂಬ ದೋಣಿ ಪಂದ್ಯಗಾರರು ಕಡಲ ನಡುವೆಯೂ ತೇಲುತ್ತಿದ್ದ ಕಸ ಕಂಡು ನೊಂದು, 1989ರಲ್ಲಿ ಸಿಡ್ನಿ ಬಂದರನ್ನು ಸ್ವಚ್ಛಗೊಳಿಸಲು ಜನರನ್ನು ಕರೆದರು. ಸುಮಾರು 40,000 ಜನ ಬಂದರು.

ನಮ್ಮ ಕರ್ನಾಟಕವೇನೂ ಹಿಂದಿಲ್ಲ. 2004ರಲ್ಲಿ ಶಾಂಭವಿ ನದಿಯ ಬಳಿಯ ಮೂಲ್ಕಿಯಲ್ಲಿ ಭಾರತದ ಮೊದಲ ಸರ್ಫಿಂಗ್ ಕ್ಲಬ್ಬುಗಳಲ್ಲೊಂದಾದ 'ಮಂತ್ರ ಸರ್ಫ್ ಕ್ಲಬ್' ಆರಂಭವಾಯಿತು. 2016ರ ಮೇ ತಿಂಗಳಲ್ಲಿ ಮೂಲ್ಕಿಗೆ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು. ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಮನ್ನಣೆ ಅದು. ನೆನಪಿಡಿ, ಆ ದಡಗಳ ಮೀನುಗಾರರು ಸರ್ಫಿಂಗ್ ಬರುವುದಕ್ಕೆ ಎಷ್ಟೋ ಮೊದಲಿನಿಂದ ಕಡಲನ್ನು ಬಲ್ಲವರು. ಬಲೆಗೆ ಮೀನಿನ ಬದಲು ಕಸ ಬಂದಾಗ ನಷ್ಟ ಅನುಭವಿಸುವವರೂ ಅವರೇ.

ಸರ್ಫರುಗಳೂ ಋಷಿಗಳಲ್ಲ. ಅವರ ಹಲಗೆಯ ನೊರೆ, ರಾಳ, ತೊಡುವ ರಬ್ಬರಿನ ಉಡುಪು ಎಲ್ಲವೂ ಪೆಟ್ರೋಲಿಯಂ ವಸ್ತುಗಳೇ. ಇದನ್ನು ಅವರಲ್ಲೇ ಅನೇಕರು ಒಪ್ಪಿಕೊಂಡು ಬೇರೆ ದಾರಿ ಹುಡುಕುತ್ತಿದ್ದಾರೆ. ದೋಷವಿಲ್ಲದವನು ಮಾತ್ರ ಮಾತಾಡಬೇಕು ಎಂದರೆ ಯಾರೂ ಮಾತಾಡುವಂತಿಲ್ಲ.

ಹೊಣೆ ಯಾರದು?

"ನಾನೊಬ್ಬ ಚೀಲ ಎಸೆಯದಿದ್ದರೆ ಕಡಲು ಶುದ್ಧವಾಗುತ್ತದೆಯೇ?" ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಕೊಡುವ ಮುನ್ನ ದೂರದರ್ಶನದ ಚರಿತ್ರೆಯಿಂದಲೇ ಒಂದು ಪ್ರಸಂಗ. 1971ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಒಂದು ಜಾಹೀರಾತು ಬಂತು. ಕಸ ಕಂಡು ಕಣ್ಣೀರಿಡುವ ಮೂಲನಿವಾಸಿಯೊಬ್ಬನನ್ನು ಅದು ತೋರಿಸಿತು. ಮಾಲಿನ್ಯ ಮಾಡುವವರು ಜನರೇ, ನಿಲ್ಲಿಸಬೇಕಾದವರೂ ಜನರೇ ಎಂಬುದು ಅದರ ಸಂದೇಶ. ನೋಡಿದವರ ಮನ ಕರಗಿತು. ಆದರೆ ಅದನ್ನು ಮಾಡಿಸಿದ ಸಂಸ್ಥೆಯ ಹಿಂದೆ ಪಾನೀಯ ಮತ್ತು ಡಬ್ಬಿ, ಬಾಟಲಿ ತಯಾರಿಸುವ ಕಂಪನಿಗಳಿದ್ದವು. ಎಸೆಯುವ ಬಾಟಲಿಯನ್ನು ಮಾಡಿ ಮಾರುವವರು, ಎಸೆದವನೊಬ್ಬನದೇ ತಪ್ಪು ಎಂದು ಹೇಳಿದಂತಾಯಿತು. ಅಳುವವನ ಪಾತ್ರ ವಹಿಸಿದ ನಟನೂ ಮೂಲನಿವಾಸಿಯಾಗಿರಲಿಲ್ಲ, ಇಟಲಿ ಮೂಲದವನಾಗಿದ್ದ!

ಆದುದರಿಂದ ವೈಯಕ್ತಿಕ ಹೊಣೆ ಎಂಬ ಮಾತನ್ನು ಅಳೆದು ಕೇಳಬೇಕು. ಅದನ್ನು ಅಳೆಯುವ ಕೊಳಗ ನಮ್ಮ ಬಿತ್ತುವಟ್ಟದಲ್ಲೇ ಇದೆ: ಲಾಭ ಎಷ್ಟೋ ಹೊಣೆ ಅಷ್ಟು. ಪ್ಲಾಸ್ಟಿಕ್ ಮಾಡಿ ಮಾರುವ ಕಂಪನಿಯ ಲಾಭ ದೊಡ್ಡದು, ಅದರ ಹೊಣೆಯೂ ದೊಡ್ಡದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು ತಯಾರಕರ ಮೇಲೆ ಈ ಹೊಣೆಯನ್ನು ಹೊರಿಸಿವೆ. ಅದೇ ವರ್ಷ ಕರ್ನಾಟಕ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಚರಂಡಿಯ ನೀರನ್ನು ಶುದ್ಧಮಾಡಿ ಬಿಡುವುದು ನಗರಸಭೆ, ಪುರಸಭೆಗಳ ಹೊಣೆ. ಅದಕ್ಕೆ 1974ರ ಜಲಮಾಲಿನ್ಯ ಕಾಯಿದೆಯ ಬಲವಿದೆ.

ಹಾಗಾದರೆ ನಮ್ಮ ನಿಮ್ಮ ಪಾಲು ಏನೂ ಇಲ್ಲವೇ? ಇದೆ. ಕಾರ್ನ್‌ವಾಲಿನ ಸರ್ಫರುಗಳನ್ನು ಮತ್ತೊಮ್ಮೆ ನೋಡಿ. ಅವರು ತಮ್ಮ ಕಸವನ್ನು ತಾವು ಎತ್ತಿದ್ದಷ್ಟೇ ಅಲ್ಲ, ಚರಂಡಿ ಬಿಟ್ಟವರನ್ನು ಹೆಸರಿಸಿ ಕೇಳಿದರು. ಕೇಳುವ ನೈತಿಕ ಬಲ ಅವರಿಗೆ ಬಂದದ್ದು ತಾವು ಕಸ ಎತ್ತಿದ್ದರಿಂದ. ಎತ್ತಿದ ಕಸ ನಾಳೆ ಮತ್ತೆ ಬಾರದಂತೆ ಆದದ್ದು ಕೇಳಿದ್ದರಿಂದ. ಎತ್ತುವ ಕೈ, ಕೇಳುವ ಬಾಯಿ ಎರಡೂ ಬೇಕು. ಮೊದಲನೆಯದು ಮಾತ್ರ ಇದ್ದರೆ ನಾವು ಕಂಪನಿಯ ಜಾಹೀರಾತಿನ ಮಾತಿಗೆ ಮರುಳಾದಂತೆ. ಎರಡನೆಯದು ಮಾತ್ರ ಇದ್ದರೆ ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ.

ಇದಕ್ಕಾಗಿ ಕಡಲಿನವರೆಗೆ ಹೋಗಬೇಕಾಗಿಲ್ಲ. ಹಾಸನದವರಿಗೆ ಹುಣಸಿನಕೆರೆಯಿದೆ, ಚನ್ನರಾಯಪಟ್ಟಣದವರಿಗೆ ಅಮಾನಿಕೆರೆಯಿದೆ, ಹೊಳೆನರಸೀಪುರದವರಿಗೆ ಹೇಮಾವತಿಯಿದ್ದಾಳೆ, ಅರಕಲಗೂಡಿನ ಕಡೆಯವರಿಗೆ ಕಾವೇರಿಯಿದ್ದಾಳೆ. ಕಂದಾಯದ ಭಾಷೆಯಲ್ಲಿ ಅಮಾನಿ ಎಂದರೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದು ಎಂದರ್ಥ. ಸರ್ಕಾರದ್ದು ಎಂದರೆ ಯಾರದೂ ಅಲ್ಲ ಎಂದು ತಿಳಿಯುವುದೇ ನಮ್ಮ ರೂಢಿ. ಅದು ನಮ್ಮೆಲ್ಲರದು ಎಂದು ತಿಳಿಯುವ ದಿನ ಬಂದರೆ ಅದೇ ನಮ್ಮ ಕಾಲದ ಶಾಸನ.

ನೀವೇ ಹುಡುಕಿ, ನೀವೇ ಬರೆಯಿರಿ

ಈ ಮಾತುಕತೆಯನ್ನು ಇಲ್ಲಿಗೆ ನಿಲ್ಲಿಸುವ ಮುನ್ನ ನಾಲ್ಕು ಕೆಲಸಗಳನ್ನು ಸೂಚಿಸುತ್ತೇವೆ. ತರಗತಿಯಲ್ಲಿ ಗುಂಪಾಗಿಯೂ ಮಾಡಬಹುದು.

1. ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಮೋರಿಯಿಂದ ಹಿಡಿದು ಕೆರೆ, ಹಳ್ಳ, ಹೊಳೆಯವರೆಗೆ ದಾರಿಯ ಚಿತ್ರ ಬರೆಯಿರಿ. ಕೊನೆಗೆ ಅದು ಯಾವ ಕಡಲನ್ನು ಸೇರುತ್ತದೆ ಎಂದು ಗುರುತಿಸಿ.

2. ನಿಮ್ಮ ಊರಿನ ಕೆರೆಯ ಬಳಿ ಶಾಸನವಿದೆಯೇ? ಇದ್ದರೆ ಅದನ್ನು ಓದಿದವರನ್ನು ಹುಡುಕಿ. ಕೆರೆಯನ್ನು ಯಾರು ಕಟ್ಟಿಸಿದರು, ಕಾಯಲು ಏನು ಏರ್ಪಾಡು ಮಾಡಿದರು ಎಂದು ಕೇಳಿ ಬರೆದುಕೊಳ್ಳಿ.

3. ನಿಮ್ಮ ಅಜ್ಜಿ ತಾತಂದಿರನ್ನು ಕೇಳಿ: ಅವರ ಬಾಲ್ಯದಲ್ಲಿ ಹೂಳು ತೆಗೆದವರು ಯಾರು? ಕೂಲಿ ಸಿಗುತ್ತಿತ್ತೇ? ನೀರು ಮುಟ್ಟಲು ಯಾರಿಗೆ ಹಕ್ಕಿರಲಿಲ್ಲ?

4. ಈ ವರ್ಷದ ಗಣಪತಿ ಹಬ್ಬದ ಮರುದಿನ ಸ್ನಾನಘಟ್ಟಕ್ಕೆ ಹೋಗಿ, ದಡದಲ್ಲಿ ಬಿದ್ದಿರುವುದನ್ನು ಎಣಿಸಿ. ಕೊಳೆಯುವುದೆಷ್ಟು, ಕೊಳೆಯದಿರುವುದೆಷ್ಟು? ಎತ್ತಬಹುದಾದದ್ದನ್ನು ಎತ್ತಿ. ಆ ಲೆಕ್ಕವನ್ನು ನಿಮ್ಮ ಪುರಸಭೆ ಅಥವಾ ಗ್ರಾಮ ಪಂಚಾಯಿತಿಗೆ ಪತ್ರದ ಮೂಲಕ ತಿಳಿಸಿ, ಉತ್ತರ ಕೇಳಿ.

ದೋರಸಮುದ್ರವನ್ನು ಕಟ್ಟಿದವರು ಅರಬ್ಬೀ ಸಮುದ್ರವನ್ನು ಕಂಡಿದ್ದರೋ ಇಲ್ಲವೋ ತಿಳಿಯದು. ಆದರೆ ತಮ್ಮ ಕಣ್ಣೆದುರಿನ ನೀರಿಗೆ ಅವರು ಸಮುದ್ರದ ಗೌರವ ಕೊಟ್ಟರು. ಕಣ್ಣಿಗೆ ಕಾಣದ ಸಮುದ್ರಕ್ಕೆ ನಮ್ಮೂರ ಕೆರೆಯಷ್ಟೇ ಕಾಳಜಿ ತೋರಿಸುವ ಸರದಿ ಈಗ ನಮ್ಮದು. ಆ ಕಾಳಜಿಯನ್ನು ಕೆರೆಯಿಂದಲೇ ಆರಂಭಿಸೋಣ.